ಬೈಯುವ ಮುನ್ನ ಮಂಡಿಯೂರಿದವಳು

ಅವಳನ್ನು ನೆನೆದರೆ ನನ್ನ ಕಣ್ಣಿಗೆ ಮೊದಲು ಬರುವುದು ಅವಳ ಎಡ ಮಂಡಿ, ಮುಖ ಆಮೇಲೆ. ಎರಡು ಕೈಯಲ್ಲೂ ಒಗೆಯುವ ಬಟ್ಟೆಯ ಬುಟ್ಟಿ ಹಿಡಿದು, ಬೀಗದ ಕೈ ಗೊಂಚಲನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಬೆನ್ನಿನ ತುಂಬ ಸಣ್ಣ ಸಣ್ಣ ಜಡೆ ಇಳಿಬಿಟ್ಟುಕೊಂಡು ಅಪಾರ್ಟ್‌ಮೆಂಟಿನ ಕಬ್ಬಿಣದ ಮೆಟ್ಟಿಲಿಳಿದು ಬರುತ್ತಿದ್ದಳು. ಕೆಳಗೆ ನಮ್ಮ ಬಾಗಿಲಲ್ಲಿ ನಾನು ಕಂಡರೆ ಬುಟ್ಟಿ ಅಲುಗುತ್ತಿರಲಿಲ್ಲ, ಮಂಡಿ ಮಾತ್ರ ಚೂರು ಬಗ್ಗಿ ಮತ್ತೆ ನೆಟ್ಟಗಾಗುತ್ತಿತ್ತು. ಬೀಗದ ಕೈ ಕಚ್ಚಿದ ಬಾಯಲ್ಲೇ "ಶಿಕಮೋ" ಎನ್ನುತ್ತಿದ್ದಳು.

ಮೊದಮೊದಲು ನನಗೆ ಅದೇನೆಂದು ತಿಳಿಯಲಿಲ್ಲ. ನಕ್ಕು ಸುಮ್ಮನಾಗುತ್ತಿದ್ದೆ. ಅವಳೂ ನಗುತ್ತಿದ್ದಳು, ಆದರೆ ಹೋಗುತ್ತಿರಲಿಲ್ಲ. ಅಷ್ಟು ಭಾರದ ಬುಟ್ಟಿ ಹೊತ್ತುಕೊಂಡು ಏನೋ ಬಾಕಿ ಇದೆ ಎನ್ನುವ ಹಾಗೆ ನಿಂತೇ ಇರುತ್ತಿದ್ದಳು. ಕೊನೆಗೆ ಅವಳ ದೊಡ್ಡಮ್ಮ ಒಂದು ದಿನ ಮೇಲಿನಿಂದಲೇ ಇಂಗ್ಲಿಷಿನಲ್ಲಿ ಕೂಗಿ ಹೇಳಿದರು, "ಮರಹಬಾ ಅನ್ನಿ ತಾಯಿ, ಇಲ್ಲದಿದ್ದರೆ ಸಾಯಂಕಾಲದವರೆಗೂ ಅಲ್ಲೇ ನಿಂತಿರ್ತಾಳೆ!" ಹಿರಿಯರಿಗೆ ಕಿರಿಯರು ಹೇಳುವ ನಮಸ್ಕಾರವಂತೆ ಅದು. ನಿಮ್ಮ ಕಾಲು ಹಿಡಿದೆ ಎನ್ನುವ ಮಾತಿನಿಂದ ಬಂದದ್ದಂತೆ. ಹಿರಿಯರು ಮರಹಬಾ ಎಂದು ಒಪ್ಪಿಸಿಕೊಂಡ ಮೇಲೆಯೇ ಕಿರಿಯರು ಮುಂದೆ ಹೆಜ್ಜೆ ಇಡಬೇಕು. ಊರು ಬಿಟ್ಟು ಹ್ಯೂಸ್ಟನ್ನಿಗೆ ಬಂದ ಮೇಲೆ ನನ್ನ ಕಾಲಿಗೆ ಯಾರು ನಮಸ್ಕಾರ ಮಾಡಿದ್ದರು? ಗುರುತು ಪರಿಚಯ ಇಲ್ಲದ ಹುಡುಗಿಯ ಬಾಯಲ್ಲಿ ನಮ್ಮ ಮನೆದೇವರು ಮಾದಪ್ಪ ಆ ಮಾತು ಇಟ್ಟು ನಮ್ಮ ಬಾಗಿಲಿಗೆ ಕಳಿಸಿದ್ದ. ಆ ಊರಿನಲ್ಲಿ ನನಗೆ ಸಿಕ್ಕ ಮೊದಲ ಕೃಪೆ ಎಂದು ಅದನ್ನೇ ಎಣಿಸುತ್ತೇನೆ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ನನ್ನ ಯಜಮಾನರು ಎಣ್ಣೆ ಕಂಪನಿಗಳಿರುವ ಎನರ್ಜಿ ಕಾರಿಡಾರ್ ಕಡೆಯ ಒಂದು ಆಫೀಸಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದರು. ಬೆಳಿಗ್ಗೆ ಕಾರು ತೆಗೆದುಕೊಂಡು ಹೋದರೆ ನಾನು, ಮೂರು ವರ್ಷದ ಮಗಳು ಅಂಜಲಿ, ಒಂದು ದೇವರ ಗೂಡು ಇಷ್ಟೇ ಮನೆ. ಮೇಲಿನ ಮನೆಯಲ್ಲಿ ಆ ಹುಡುಗಿ ಮತ್ತು ಅವಳ ದೊಡ್ಡಮ್ಮ. ಅಮ್ಮನ ಅಕ್ಕನನ್ನು ಅವರ ಭಾಷೆಯಲ್ಲೂ ದೊಡ್ಡ ಅಮ್ಮ ಎಂದೇ ಕರೆಯುತ್ತಾರಂತೆ, ಹಾಗಾಗಿ ನನಗೂ ಅವರು ದೊಡ್ಡಮ್ಮನೇ ಆದರು. ತಾಂಜಾನಿಯಾ ದೇಶದ ಸಮುದ್ರದಂಡೆಯವರು, ಮುಸಲ್ಮಾನರು, ದಾರ್ ಎಸ್ ಸಲಾಮ್ ಪಟ್ಟಣದಲ್ಲಿ ಮನೆ. ದೊಡ್ಡಮ್ಮ ವೃದ್ಧಾಶ್ರಮದಲ್ಲಿ ಹಾಸಿಗೆ ಹಿಡಿದವರಿಗೆ ಸ್ನಾನ ಮಾಡಿಸುವ, ಊಟ ಮಾಡಿಸುವ ಕೆಲಸದಲ್ಲಿದ್ದರು. ಹುಡುಗಿ ಅರ್ಧ ದಿನ ಕಾಲೇಜು, ಅರ್ಧ ದಿನ ಜಡೆ ಹೆಣೆಯುವ ಅಂಗಡಿ.

ಆ ಅಂಗಡಿಯಲ್ಲಿ ಅವಳ ಬಗ್ಗೆ ಒಂದು ದೂರಿತ್ತು. ಗಿರಾಕಿಗಳ ತಲೆ ಹಿಂದೆ ನಿಂತು ಹೆಣೆಯುತ್ತ ಹೆಣೆಯುತ್ತ ಎದುರಿನ ಕನ್ನಡಿಯಲ್ಲಿ ಒಮ್ಮೆ ಕೋಪ ಮಾಡಿಕೊಳ್ಳುತ್ತಿದ್ದಳು, ಒಮ್ಮೆ ಅಳುಮೋರೆ ಹಾಕುತ್ತಿದ್ದಳು, ಒಮ್ಮೆ ಹುಬ್ಬು ಹಾರಿಸುತ್ತಿದ್ದಳು. ಕೂತವರು ತಮ್ಮ ಮೇಲೇ ಸಿಟ್ಟು ಎಂದುಕೊಂಡು ಬೆಚ್ಚುತ್ತಿದ್ದರು. ಅವಳಿಗೆ ನಟಿಯಾಗಬೇಕಿತ್ತು. ಅದೂ ಇಂಗ್ಲಿಷಿನಲ್ಲಲ್ಲ, ತನ್ನ ಸ್ವಾಹಿಲಿ ಭಾಷೆಯಲ್ಲಿ. "ಕೋಪ ಬಂದಾಗ ನನಗೆ ಇಂಗ್ಲಿಷ್ ಬರಲ್ಲ ಮಾಮಾ ಅಂಜಲಿ" ಎನ್ನುತ್ತಿದ್ದಳು. ಮಕ್ಕಳಾದ ಹೆಂಗಸನ್ನು ಅವರು ಹೆಸರು ಹಿಡಿದು ಕರೆಯುವುದಿಲ್ಲ. ಅಂಜಲಿಯ ತಾಯಿ ಎಂದೇ ಕರೆಯಬೇಕು. ಆ ಬೇಸಿಗೆಯಲ್ಲಿ ಮಂಡ್ಯದಿಂದ ಬಂದಿದ್ದ ನಮ್ಮತ್ತೆಗೆ ಇದು ದೊಡ್ಡ ತಮಾಷೆ.

"ಅಲ್ಲ ಕಣವ್ವ, ಹೆಂಗಸ್ನ ಹಿಡ್ಕೊಂಡು ಮಾಮ ಅಂತಾಳಲ್ಲ ಈ ಹುಡ್ಗಿ! ನಿನ್ ಮೀಸೆ ಎಲ್ ಕಂಡ್ತು ಇವ್ಳಿಗೆ?"

ಹ್ಯೂಸ್ಟನ್ನಿನಲ್ಲಿ, ಡಾಲಸ್‌ನಲ್ಲಿ ಇದ್ದ ಅವರ ಕಡೆಯ ಜನ ಸೇರಿ ಸಿನಿಮಾ ತೆಗೆಯುತ್ತಿದ್ದರು. ಸಿನಿಮಾ ಎಂದರೆ ದೊಡ್ಡದೇನಲ್ಲ. ಮದುವೆ ವೀಡಿಯೊ ತೆಗೆಯುವ ಕ್ಯಾಮೆರಾ, ಭಾನುವಾರದ ರಜೆ, ಯಾರದ್ದೋ ಮನೆ. ಡೈರೆಕ್ಟರ್ ಎನಿಸಿಕೊಂಡವರು ವಾರವೆಲ್ಲ ಏರ್‌ಪೋರ್ಟಿಗೆ ವ್ಯಾನು ಓಡಿಸುತ್ತಿದ್ದರು. ತೆಗೆದ ಸಿನಿಮಾ ಕ್ಯಾಸೆಟ್ ಆಗಿ ದಾರ್ ಎಸ್ ಸಲಾಮ್‌ಗೆ ಹೋಗಿ ಅಲ್ಲಿನ ಮನೆಮನೆಗಳಲ್ಲಿ ಓಡುತ್ತಿತ್ತು. ಅಂಥದ್ದರಲ್ಲಿ ಅವಳಿಗೆ ಒಂದು ದೊಡ್ಡ ಪಾತ್ರ ಸಿಕ್ಕಿತು. ಕೆಟ್ಟ ಸೊಸೆಯ ಪಾತ್ರ. ಹಳ್ಳಿಯಿಂದ ಬಂದ ಅತ್ತೆಯನ್ನು ಅಮೆರಿಕದ ಸ್ನೇಹಿತರ ಮುಂದೆ ಮನೆಗೆಲಸದವಳು ಎಂದು ಹೇಳಿ, ಅತ್ತೆ ಉಣ್ಣುತ್ತಿರುವ ತಟ್ಟೆ ಕಿತ್ತುಕೊಂಡು ಬಾಯಿಗೆ ಬಂದಂತೆ ಬೈಯುವವಳು.

ಆ ಅತ್ತೆಯ ಪಾತ್ರಕ್ಕೆ ವಯಸ್ಸಾದ ಹೆಂಗಸು ಸಿಗಲಿಲ್ಲ. ದೊಡ್ಡಮ್ಮ ತಾನೇ ಮಾಡುತ್ತೇನೆಂದು ಮುಂದೆ ಬಂದರು. ಸಿನಿಮಾ ಮೇಲಿನ ಆಸೆಗಲ್ಲ. "ಗಂಡಸರ ನಡುವೆ ಹುಡುಗಿ ಒಬ್ಬಳೇ ಇರಬಾರದು, ನಾನಿದ್ದರೆ ಮರ್ಯಾದೆ ಇರುತ್ತೆ" ಎಂದರು. ಜೊತೆಗೆ ನನ್ನೆದುರಿಗೇ ಅವಳಿಗೆ ಕರಾರು ಹಾಕಿದರು: "ಇದೊಂದು ಸಿನಿಮಾ. ಚೆನ್ನಾಗಿ ಬಂದರೆ ನಿಮ್ಮಪ್ಪನಿಗೆ ನಾನೇ ಫೋನ್ ಮಾಡಿ ಒಪ್ಪಿಸ್ತೀನಿ. ಬರಲಿಲ್ಲವೋ, ಮತ್ತೆ ನಟನೆ ಮಾತೆತ್ತದೆ ನರ್ಸಿಂಗ್ ಸೇರಬೇಕು. ನಾನು ಕಂಡವರ ತಾಯಂದಿರಿಗೆ ಸ್ನಾನ ಮಾಡಿಸಿ ನಿನ್ನನ್ನ ಓದಿಸ್ತಿರೋದು ಕನ್ನಡಿ ನೋಡ್ಕೊಂಡು ನಿಲ್ಲೋಕಲ್ಲ."

"ಆಗಲಿ ದೊಡ್ಡಮ್ಮ" ಎಂದಳು ಹುಡುಗಿ. ಮಂಡಿ ಬಗ್ಗಿತು.

ಅಭ್ಯಾಸಕ್ಕೆ ನಮ್ಮ ಮನೆಗೆ ಬರತೊಡಗಿದಳು. ದೊಡ್ಡಮ್ಮ ಕೆಲಸಕ್ಕೆ ಹೋದಾಗ ಅತ್ತೆಯ ಮಾತನ್ನು ಹೇಳುವವರು ಬೇಕಲ್ಲ, ಅದು ನನ್ನ ಪಾಲಿಗೆ ಬಂತು. ನನಗೆ ಸ್ವಾಹಿಲಿ ಎಲ್ಲಿಂದ ಬರಬೇಕು? ಅವಳು ನಿಧಾನವಾಗಿ ಹೇಳುತ್ತಿದ್ದಳು, ನಾನು ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದೆ. ಬರೆಯಲು ಕೂತಾಗಲೇ ಗೊತ್ತಾದದ್ದು, ಆ ಭಾಷೆ ನಮ್ಮ ಅಕ್ಷರಕ್ಕೆ ಎಷ್ಟು ಒಗ್ಗುತ್ತದೆ ಎಂದು. ಪದಗಳೆಲ್ಲ ಆ, ಇ, ಉ ಎಂದು ಬಾಯಿ ತೆರೆದೇ ಮುಗಿಯುತ್ತವೆ, ನಮ್ಮ ಹಳ್ಳಿ ಮಾತಿನ ಹಾಗೆ. ನಾನು ಅಕ್ಕಿ ಆರಿಸುತ್ತ, ಹಾಳೆ ಮೇಲೆ ಕಣ್ಣಿಟ್ಟು, ಅರ್ಥ ಗೊತ್ತಿಲ್ಲದೆ ಅತ್ತೆಯ ಮಾತು ಓದುತ್ತಿದ್ದೆ. ಅವಳು ಎದುರು ನಿಂತು ನನ್ನನ್ನು ಬೈಯುತ್ತಿದ್ದಳು. ಸೊಂಟದ ಮೇಲೆ ಕೈ, ಏರಿದ ದನಿ, ಮಧ್ಯೆ ಮಧ್ಯೆ ನಾಲಿಗೆಯಿಂದ ಲೊಟಕ್ ಎನ್ನಿಸುವ ಒಂದು ಶಬ್ದ. ನನಗೆ ನಗು ತಡೆಯಲಾಗುತ್ತಿರಲಿಲ್ಲ. ಅಂಜಲಿ ಚಪ್ಪಾಳೆ ತಟ್ಟುತ್ತಿದ್ದಳು.

ನಮ್ಮತ್ತೆ ಸೋಫಾದಲ್ಲಿ ಕಾಲು ಮಡಿಸಿ ಕೂತು ಗಂಭೀರವಾಗಿ ನೋಡುತ್ತಿದ್ದರು. "ನಿಮಗೆ ಏನು ತಿಳಿಯುತ್ತೆ ಅತ್ತೆಮ್ಮ?" ಎಂದು ಒಮ್ಮೆ ಕೇಳಿದೆ.

"ಯಾವ್ ಭಾಷೆ ಆದ್ರೇನು? ಸೊಸೆ ಅತ್ತೇನ ಬೈತಾವ್ಳೆ ಅನ್ನೋದು ನಂಗೆ ಗೊತ್ತಾಗಕಿಲ್ವಾ?" ಎಂದು ನನ್ನ ಮುಖ ನೋಡದೆ ಹೇಳಿದರು. ನಾನು ಅಕ್ಕಿಯ ಮೊರ ಎತ್ತಿಕೊಂಡು ಒಳಗೆ ಹೋದೆ.

ಅಂಜಲಿಗೆ ಉಣ್ಣಿಸುವಾಗ ನಾನು "ಇನ್ನೊಂದು ತುತ್ತು, ಇನ್ನೊಂದೇ ತುತ್ತು" ಎನ್ನುವುದನ್ನು ಕೇಳಿ ಕೇಳಿ, ಮತ್ತೊಮ್ಮೆ ಮಾಡೋಣ ಎನ್ನುವುದಕ್ಕೆ ನಮ್ಮ ಮಾತು ಅದೇ ಎಂದು ಅವಳು ತಿಳಿದುಕೊಂಡಿದ್ದಳು. ನಾನು ಹಾಳೆ ಮಡಿಸಲು ಹೋದರೆ ಕೈ ಹಿಡಿದು, "ಇನ್ನೊಂದು ತುತ್ತು, ಮಾಮಾ ಅಂಜಲಿ" ಎನ್ನುತ್ತಿದ್ದಳು. ತಿದ್ದಲು ಮನಸ್ಸು ಬರಲಿಲ್ಲ. ಈ ಅಭ್ಯಾಸಕ್ಕೆ ಪ್ರತಿಯಾಗಿ ಶುಕ್ರವಾರಗಳಂದು ತನ್ನ ಹಳೆಯ ಕಾರಿನಲ್ಲಿ ನನ್ನನ್ನೂ ಅತ್ತೆಯನ್ನೂ ದೇವಸ್ಥಾನಕ್ಕೆ ಕರೆದುಕೊಂಡು ಹೋಗುತ್ತಿದ್ದಳು. ಆಗ ನನಗೆ ಡ್ರೈವಿಂಗ್ ಬರುತ್ತಿರಲಿಲ್ಲ. ಕಾರಿನಲ್ಲಿ ಎಸಿ ಇರಲಿಲ್ಲ. ಹ್ಯೂಸ್ಟನ್ನಿನ ಸೆಕೆಯಲ್ಲಿ ಬೆಂದು ದೇವರ ಮುಂದೆ ಹೋಗಿ ನಿಲ್ಲುತ್ತಿದ್ದೆವು. ಆದರೂ ಹೋಗುತ್ತಿದ್ದೆವಲ್ಲ, ಅದೂ ಒಂದು ಕೃಪೆಯೇ.

ತಟ್ಟೆ ಕಿತ್ತುಕೊಳ್ಳುವ ದೃಶ್ಯಕ್ಕೆ ಅಡುಗೆಮನೆ ಬೇಕಿತ್ತು. ಅವರ ಅಡುಗೆಮನೆಯಲ್ಲಿ ಕ್ಯಾಮೆರಾ ಇಟ್ಟರೆ ಮನುಷ್ಯರಿಗೆ ಜಾಗವಿರಲಿಲ್ಲ. ನೆಂಟರು ಬಿಟ್ಟುಹೋದ ಪೆಟ್ಟಿಗೆಗಳು ಒಂದರ ಮೇಲೊಂದು ಏರಿದ್ದವು. ನಾನೇ ನಮ್ಮದನ್ನು ಕೊಡುತ್ತೇನೆ ಎಂದೆ. ದೇವರ ಗೂಡು ಅಲ್ಲೇ ಇದ್ದುದರಿಂದ ಚಪ್ಪಲಿ ಹೊರಗೆ ಬಿಡಬೇಕು, ಅವತ್ತು ಮಾಂಸ ತರಬಾರದು, ದೀಪ ಆರಿಸಬಾರದು ಎಂದೆ. ಡೈರೆಕ್ಟರ್ ಒಪ್ಪಿದರು. ಯಜಮಾನರು ಮಾತ್ರ, "ನಮ್ಮನೆ ಅಡುಗೆಮನೆ ಆಫ್ರಿಕಾ ನೋಡಿಬರುತ್ತೆ, ನಾವಿನ್ನೂ ಡಾಲಸ್ ನೋಡಿಲ್ಲ" ಎಂದು ಅಂಜಲಿಯನ್ನು ಎತ್ತಿಕೊಂಡು ಪಾರ್ಕಿಗೆ ಹೋದರು.

ಆ ಭಾನುವಾರ ದೊಡ್ಡಮ್ಮ ಬಂದು ಮೆಕ್ಕೆಜೋಳದ ಬಿಳಿ ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ ತಿರುವಿ ಮುದ್ದೆ ಮಾಡಿದರು. ಕಟ್ಟಿದ ಮುದ್ದೆ ನೋಡಿ ನಮ್ಮತ್ತೆಗೆ ಸಂತೋಷ ತಡೆಯಲಾಗಲಿಲ್ಲ. "ನಮ್ದೇ ಕಣವ್ವ, ಬಣ್ಣ ಬ್ಯಾರೆ ಅಷ್ಟೆ" ಎಂದು ಬಟ್ಟಲಲ್ಲಿ ಸೊಪ್ಪಿನ ಸಾರು ತಂದಿಟ್ಟರು. ದೊಡ್ಡಮ್ಮ ತಲೆಯಿಂದ ಭುಜದ ಮೇಲೆ ಕಂಗಾ ಹೊದ್ದು ತಟ್ಟೆಯ ಮುಂದೆ ಕೂತರು. ಕಂಗಾ ಎಂದರೆ ಅವರ ಹೆಂಗಸರು ಉಡುವ, ಹೊದೆಯುವ ಬಣ್ಣದ ಹತ್ತಿಬಟ್ಟೆ. ಅಂಚಿನಲ್ಲಿ ಅಕ್ಷರ ಅಚ್ಚು ಹಾಕಿರುತ್ತಾರೆ.

ಹುಡುಗಿ ಬಾಗಿಲಿನಿಂದ ಒಳಗೆ ನುಗ್ಗಿ ಬಂದು ತಟ್ಟೆ ಕಿತ್ತುಕೊಳ್ಳಬೇಕು. ನುಗ್ಗಿ ಬಂದಳು. ದೊಡ್ಡಮ್ಮ ತಲೆ ಎತ್ತಿ ನೋಡಿದರು. ಹುಡುಗಿಯ ಮಂಡಿ ಬಗ್ಗಿತು.

"ಕಟ್" ಎಂದರು ಡೈರೆಕ್ಟರ್.

ಮತ್ತೆ ಬಂದಳು. ಮತ್ತೆ ಬಗ್ಗಿತು. ಹುಟ್ಟಿದಾಗಿನಿಂದ ಆ ಮುಖ ಕಂಡೊಡನೆ ಬಗ್ಗಿದ ಮಂಡಿ, ಕ್ಯಾಮೆರಾ ಇದೆ ಎಂದು ಕೇಳುತ್ತದೆಯೇ? ಮಂಡಿಯನ್ನು ಬಿಗಿಹಿಡಿದು ಬಂದರೆ ನಾಲಿಗೆ ಕೈಕೊಡುತ್ತಿತ್ತು. ಬೈಗುಳವನ್ನೆಲ್ಲ ನೆಲ ನೋಡಿಕೊಂಡು, ಕ್ಷಮೆ ಕೇಳುವ ದನಿಯಲ್ಲಿ ಹೇಳುತ್ತಿದ್ದಳು. ಗಾಬರಿಯಲ್ಲಿ ಡೈರೆಕ್ಟರ್ ಮುಂದೆಯೇ "ಇನ್ನೊಂದು ತುತ್ತು" ಎಂದುಬಿಟ್ಟಳು. ಅವರು ನನ್ನ ಮುಖ ನೋಡಿದರು, ನಾನು ಒಲೆಯ ಮುಖ ನೋಡಿದೆ.

"ನೀನು ಅತ್ತೇನ ಬೈಯೋಕೆ ಬಂದಿದೀಯೋ, ಹಬ್ಬದ ಶುಭಾಶಯ ಹೇಳೋಕೆ ಬಂದಿದೀಯೋ?" ಎಂದು ಡೈರೆಕ್ಟರ್ ತಲೆ ಚಚ್ಚಿಕೊಂಡರು. ಮೊದಲು ದೊಡ್ಡಮ್ಮನ ಮುಖವನ್ನಷ್ಟೇ ತೆಗೆದುಕೊಂಡರು. ಬೈಗುಳವನ್ನು ಕ್ಯಾಮೆರಾ ಹಿಂದೆ ನಿಂತು ತಾವೇ ಹೇಳಿದರು. ಅಷ್ಟರಲ್ಲಿ ದೊಡ್ಡಮ್ಮನಿಗೆ ಕೆಲಸದ ಹೊತ್ತಾಯಿತು. ಉಳಿದದ್ದು ಹುಡುಗಿಯ ಮುಖ. ಯಾರಾದರೂ ಕಂಗಾ ಹೊದ್ದು ಕ್ಯಾಮೆರಾಕ್ಕೆ ಬೆನ್ನು ಮಾಡಿ ಕೂತರೆ ಸಾಕು, ಅವಳು ಅವರನ್ನು ನೋಡಿಕೊಂಡು ಬೈಯಲಿ, ನೋಡುವವರಿಗೆ ದೊಡ್ಡಮ್ಮನೇ ಅನ್ನಿಸುತ್ತದೆ ಎಂದರು ಡೈರೆಕ್ಟರ್. ಎಲ್ಲರೂ ನನ್ನ ಕಡೆ ತಿರುಗಿದರು. ದೊಡ್ಡಮ್ಮ ತಮ್ಮ ಕಂಗಾ ತೆಗೆದು ನನ್ನ ಸೀರೆಯ ಮೇಲೆ ಹೊದಿಸಿ, ತಲೆ ಮುಚ್ಚಿಸಿ, ಭುಜ ತಟ್ಟಿದರು.

"ನೀವಾದ್ರೆ ನನಗೆ ಭಯ ಇಲ್ಲ" ಎಂದು ಹುಡುಗಿ ಕಿವಿಯಲ್ಲಿ ಹೇಳಿದಳು. "ನಿಮಗೆ ಅರ್ಥ ಆಗಲ್ಲವಲ್ಲ."

ಭಯವೇನೋ ಹೋಯಿತು. ಆದರೆ ಬೈಗುಳ ನಮ್ಮ ಮನೆಯ ಅಭ್ಯಾಸದ ಹಾಗೇ ಬಂತು. ನನ್ನ ಮುಖ ಕಂಡು ಅವಳ ತುಟಿಯಂಚಿನಲ್ಲಿ ನಗು ಇಣುಕುತ್ತಿತ್ತು. ಡೈರೆಕ್ಟರ್ ಕ್ಯಾಮೆರಾ ಕೆಳಗಿಳಿಸಿದರು.

"ಪಾಠ ಒಪ್ಪಿಸ್ತಿದೀಯ. ಅಲ್ಲಿ ಮಂಡಿ, ಇಲ್ಲಿ ನಗು. ನೋಡು ತಂಗಿ, ಕ್ಯಾಮೆರಾ ಎರವಲು ತಂದದ್ದು, ಸಂಜೆಗೆ ವಾಪಸ್ ಕೊಡಬೇಕು. ಡಾಲಸ್‌ನಲ್ಲಿ ಒಬ್ಬಳು ಹುಡುಗಿ ಈ ಪಾತ್ರ ಕೇಳ್ತಾನೇ ಇದಾಳೆ. ಮುಂದಿನ ಭಾನುವಾರ ಅವಳನ್ನ ಕರೆಸ್ತೀನಿ."

ಬಾಗಿಲ ಬಳಿ ಕೆಲಸದ ಬೂಟು ಹಾಕಿಕೊಳ್ಳುತ್ತಿದ್ದ ದೊಡ್ಡಮ್ಮ ತಲೆ ಎತ್ತಲಿಲ್ಲ. "ನರ್ಸಿಂಗ್ ಒಳ್ಳೇದು" ಎಂದಷ್ಟೇ ಹೇಳಿದರು. ಬೈದು ಹೇಳಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳೇನೋ. ಮೆತ್ತಗೆ ಹೇಳಿದ್ದಕ್ಕೆ ಸಿಂಕಿನ ಕಡೆ ತಿರುಗಿ ನಿಂತು ಅಳತೊಡಗಿದಳು.

ನಮ್ಮತ್ತೆ ಸೋಫಾದಿಂದ ಎದ್ದು ಬಂದರು. "ಏನಂತೆ ಆ ಹುಡ್ಗಿಗೆ?"

ಹೇಳಿದೆ. ದೊಡ್ಡಮ್ಮನನ್ನು ಬೈಯಲು ಬಾಯಿ ಬರುತ್ತಿಲ್ಲ, ನನ್ನನ್ನು ಬೈಯಲು ಮನಸ್ಸು ಬರುತ್ತಿಲ್ಲ ಎಂದೆ.

"ಅಷ್ಟೇಯಾ?" ಎಂದರು ಅತ್ತೆ. "ನಮ್ಮೂರ್ ನಾಟ್ಕದಲ್ಲಿ ತುಂಬಿದ ಸಭೇಲಿ ಸೀರೆ ಎಳ್ಯೋ ಪಾರ್ಟು ಮಾಡ್ತಿದ್ನಲ್ಲ, ಅಂವ ಬಣ್ಣ ಹಚ್ಕೊಳ್ಳೋಕ್ ಮುಂಚೆ, ಆ ಸೀರೆ ಉಟ್ಟ ಪಾರ್ಟಿನೋನ ಕಾಲಿಗೆ ಬೀಳ್ತಿದ್ದ. ನನ್ ಕೈಯಲ್ಲಿ ಏನೇ ಆದ್ರೂ ಹೊಟ್ಟೇಗ್ ಹಾಕ್ಕೊ ಅಂತಿದ್ದ. ಸೀರೆ ಉಟ್ಟೋನು ಆಗ್ಲಿ ಎಳಿ ಅಂದ್ಮೇಲೆ ಇಂವ ಹೋಗಿ ಎಳೀತಿದ್ದ ನೋಡು, ಜನ ಎದ್ದು ಅಂವಂಗೆ ಕಲ್ಲು ಹೊಡ್ಯೋಕೆ ಹೋಗೋರು! ಕಾಲು ಮೊದ್ಲೇ ಹಿಡ್ಕೊಂಡ್ಬಿಡ್ಬೇಕು ಕಣವ್ವ. ಆಮೇಲೆ ಮಧ್ಯದಲ್ಲಿ ಹಿಡ್ಯೋ ಹಂಗಿರಲ್ಲ."

ನನಗೆ ಬಂದಷ್ಟು ಇಂಗ್ಲಿಷಿನಲ್ಲಿ ಹುಡುಗಿಗೆ ಹೇಳಿದೆ. ಅವಳು ಮೂಗೊರೆಸಿಕೊಂಡು ನಮ್ಮತ್ತೆಯ ಮುಖವನ್ನೊಮ್ಮೆ ನೋಡಿದಳು. ಆಮೇಲೆ ಓಡಿದಳು. ದೊಡ್ಡಮ್ಮ ಆಗಲೇ ಪಾರ್ಕಿಂಗ್ ತಲುಪಿದ್ದರು. ಕಿಟಕಿಯಿಂದ ನಮಗೆ ಕಂಡಿತು: ಕಾದ ಸಿಮೆಂಟಿನ ಮೇಲೆ, ಕಾರುಗಳ ನಡುವೆ, ಅವಳು ಎರಡೂ ಮಂಡಿಯೂರಿದಳು. ಆಡಿದ ಮಾತು ಕೇಳಿಸಲಿಲ್ಲ. ದೊಡ್ಡಮ್ಮ ಬಹಳ ಹೊತ್ತು ನೋಡಿದರು. ಆಮೇಲೆ ಅವರ ದೊಡ್ಡ ಗಂಟಲಲ್ಲಿ ಹೇಳಿದ್ದು ಮಾತ್ರ ಅಪಾರ್ಟ್‌ಮೆಂಟಿಗೆಲ್ಲ ಕೇಳಿಸಿತು.

"ಮರಹಬಾ!"

ಮುಂದಿನದನ್ನು ಸ್ವಾಹಿಲಿಯಲ್ಲಿ ಹೇಳಿದರು. ಏನೆಂದು ಹುಡುಗಿ ನನಗೆ ಆಮೇಲೆ ತಿಳಿಸಿದಳು: "ಹೋಗು, ಚೆನ್ನಾಗಿ ಬೈ. ಅರ್ಧಂಬರ್ಧ ಬೈದರೆ ನನಗೇ ಅವಮಾನ."

ಒಳಗೆ ಬಂದವಳು ನನ್ನ ಮುಂದೆಯೂ ಮಂಡಿಯೂರಿದಳು. ಈ ಸಲ ನಗಲಿಲ್ಲ. ನಾನೂ ನಗಲಿಲ್ಲ. ದೇವರ ಗೂಡಿನ ದೀಪ ಒಮ್ಮೆ ನೋಡಿ "ಮರಹಬಾ" ಎಂದೆ.

ಮತ್ತೆ ಬಾಗಿಲಿನಿಂದ ಬಂದಳು. ಅಷ್ಟು ದಿನ ನಾನು ಹಾಳೆಯ ಮೇಲೆ ಕಣ್ಣಿಟ್ಟೇ ಅವಳ ಬೈಗುಳ ಕೇಳಿದ್ದವಳು. ಕೈಯಲ್ಲಿ ಹಾಳೆ ಇಲ್ಲದೆ ತಲೆ ಎತ್ತಿ ಆ ಮುಖ ನೋಡಿದ್ದು ಅವತ್ತೇ ಮೊದಲು. ಅವಳು ದನಿ ಏರಿಸಲೇ ಇಲ್ಲ. ತಟ್ಟೆಯನ್ನು ಎತ್ತಿ ಪಕ್ಕಕ್ಕಿಟ್ಟು, ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು, ತೊಳೆಯದೆ ಬಿಟ್ಟ ಪಾತ್ರೆಯನ್ನು ನೋಡುವ ಹಾಗೆ. ಆಮೇಲೆ ಮಾತು ಶುರು ಮಾಡಿದಳು. ಒಂದು ಪದದ ಅರ್ಥವೂ ನನಗೆ ಗೊತ್ತಿರಲಿಲ್ಲ; ಆದರೆ ನೀನು ಇಲ್ಲಿ ಯಾರಿಗೂ ಬೇಡ ಎಂದು ಹೇಳುತ್ತಿದ್ದಾಳೆ ಎನ್ನುವುದು ಎದೆಗೆ ಬಂದು ತಾಗಿತು. ನನಗೆ ಗೊತ್ತಿಲ್ಲದೆಯೇ ಭುಜ ಇಳಿದುಹೋಯಿತು. ಕಂಗಾ ಜಾರಿತು. ನಾನು ಅದನ್ನು ಎಳೆದುಕೊಳ್ಳಲಿಲ್ಲ.

ಡೈರೆಕ್ಟರ್ ಬಹಳ ಹೊತ್ತು ಕಟ್ ಹೇಳಲಿಲ್ಲ. ಹೇಳಿದ ಮೇಲೆ ಕ್ಯಾಮೆರಾದ ಮುಚ್ಚಳ ಹುಡುಕತೊಡಗಿದರು. ಹುಡುಗಿ ನನ್ನನ್ನು ತಬ್ಬಿಕೊಂಡು "ಮಾಮಾ ಅಂಜಲಿ, ಅಳಬೇಡಿ, ನಾನೇ, ನಾನೇ" ಎಂದಳು. ನಮ್ಮತ್ತೆ ಕಣ್ಣೊರೆಸಿಕೊಂಡು, "ಹಾಳಾದೋಳು! ಎಷ್ಟ್ ಚೆಂದಾಗ್ ಬೈತಾಳೆ" ಎಂದರು.

ನಾನು ಸೊಸೆಯಾಗಿ ಬಂದು ವರ್ಷಗಳಾಗಿದ್ದವು. ಅತ್ತೆ ಎದುರು ಇರುವುದು ಹೇಗೆ ಎಂದು ಗೊತ್ತಿತ್ತು. ಅತ್ತೆಯ ಜಾಗದಲ್ಲಿ ನಿಲ್ಲುವುದು ಹೇಗೆ ಎಂದು ಗೊತ್ತಿರಲಿಲ್ಲ. ಅದನ್ನು ಆ ಹುಡುಗಿ ಒಂದು ಮಧ್ಯಾಹ್ನದಲ್ಲಿ ತೋರಿಸಿಬಿಟ್ಟಳು. ಅವತ್ತು ಸಂಜೆ ಅತ್ತೆ ಸಿಂಕಿನ ಮುಂದೆ ನಿಂತು ಮುದ್ದೆಯ ಪಾತ್ರೆ ತಿಕ್ಕುತ್ತಿದ್ದರು. ಬೆನ್ನು ನನ್ನ ಕಡೆ ಇತ್ತು. ನಾನು ಆ ಬೆನ್ನನ್ನು ನೋಡುತ್ತ ನಿಂತೆ. ಆಮೇಲೆ ಹೋಗಿ ಪಾತ್ರೆ ಕೈಯಿಂದ ತೆಗೆದುಕೊಂಡು, "ಕೂತ್ಕೊಳ್ಳಿ ಅತ್ತೆಮ್ಮ, ಕಾಫಿ ಮಾಡ್ತೀನಿ" ಎಂದೆ. ಅವರು ಇವಳಿಗೇನಾಯಿತು ಎನ್ನುವ ಹಾಗೆ ನೋಡಿ ಕೂತುಕೊಂಡರು.

ಸಿನಿಮಾ ಕ್ಯಾಸೆಟ್ಟಾಗಿ ಹೋಯಿತು. ಅಷ್ಟರಲ್ಲಿ ಅತ್ತೆ ಊರಿಗೆ ಹಿಂದಿರುಗಿದ್ದರು. ಒಂದು ದಿನ ಹುಡುಗಿ ಮೆಟ್ಟಿಲ ಮೇಲೆ ಬುಟ್ಟಿ ಇಟ್ಟುಕೊಂಡು ಸುಮ್ಮನೆ ಕೂತಿದ್ದಳು. ಅವರ ಕಡೆಯ ಅಂಗಡಿಯಲ್ಲಿ ಒಬ್ಬ ಹಿರಿಯ ಹೆಂಗಸಿಗೆ ಶಿಕಮೋ ಎಂದಳಂತೆ. ಆಕೆ ಮುಖ ತಿರುಗಿಸಿಕೊಂಡು ಹೋದಳಂತೆ. ಅತ್ತೆಯ ತಟ್ಟೆ ಕಿತ್ತುಕೊಂಡವಳ ನಮಸ್ಕಾರ ತನಗೆ ಬೇಡ ಎಂದಳಂತೆ.

"ಉತ್ತರ ಬರದ ಶಿಕಮೋ ಇಟ್ಟುಕೊಂಡು ನಾನೇನು ಮಾಡಲಿ?" ಎಂದು ಕೇಳಿದಳು. "ಅಲ್ಲಿ ಅಪ್ಪನೂ ಹೀಗೇ ಅಂದರೆ?"

ನನಗೆ ದೊಡ್ಡ ಮಾತು ಬರುವುದಿಲ್ಲ. ಅವಳ ಪಕ್ಕ ಮೆಟ್ಟಿಲ ಮೇಲೆ ಕೂತು, "ನನಗೆ ಹೇಳು, ನಾನು ಕೊಡ್ತೀನಿ" ಎಂದೆ. ಅವಳು ಹೇಳಿದಳು. ನಾನು ಮರಹಬಾ ಎಂದೆ. ಒಳಗೆ ಹೋಗಿ ಅವಳ ಹೆಸರಿನಲ್ಲಿ ದೇವರಿಗೆ ಎರಡು ಬತ್ತಿ ಹೆಚ್ಚಿಗೆ ಹಚ್ಚಿದೆ. ಬೇರೆ ದೇವರ ಮಗು ಎಂದು ಮಾದಪ್ಪ ಕೈಬಿಡುವವನಲ್ಲ.

ಅವಳ ಅಪ್ಪನ ಫೋನು ಬಂದದ್ದು ಕೆಲವು ದಿನಗಳ ಮೇಲೆ. ಓಡಿ ಬಂದು ಹೇಳಿದಳು. ದೊಡ್ಡಮ್ಮ ಮಾತು ಕೊಟ್ಟಂತೆ ತಾವೇ ಮೊದಲು ಮಾತಾಡಿದ್ದರು. ಅಪ್ಪ ನೆರೆಹೊರೆಯವರ ಜೊತೆ ಕೂತು ಸಿನಿಮಾ ನೋಡಿದ್ದರಂತೆ. ಎಲ್ಲರೂ ಆ ಸೊಸೆಗೆ ಹಿಡಿಶಾಪ ಹಾಕಿದರಂತೆ, ಅವರೂ ಹಾಕಿದರಂತೆ. "ಸಿನಿಮಾ ಮುಗಿದ ಮೇಲೆ ಅವಳು ನನ್ನ ಮಗಳು ಅನ್ನೋದು ನೆನಪಾಯ್ತು" ಎಂದರಂತೆ. ಆಮೇಲೆ "ಮಾಡು ಮಗಳೇ" ಎಂದರಂತೆ. ಅಲ್ಲಿ ಇನ್ನೊಂದು ಮಾತೂ ಹಬ್ಬಿತ್ತು. ದೊಡ್ಡಮ್ಮನ ಮುಖ ಸುಮಾರು, ಆದರೆ ಬೆನ್ನಿನ ಅಭಿನಯ ನೋಡಿ ಅಳು ಬಂತು ಎಂದು ಜನ ಹೊಗಳುತ್ತಿದ್ದರಂತೆ. ದೊಡ್ಡಮ್ಮ ಆ ಹೊಗಳಿಕೆಯನ್ನು ನಿಸ್ಸಂಕೋಚವಾಗಿ ತೆಗೆದುಕೊಂಡರು. ನಾನು ಛೇಡಿಸಿದರೆ, "ಬೆನ್ನು ಯಾರದಾದರೇನು ತಾಯಿ? ಕಂಗಾ ನನ್ನದು ತಾನೆ!" ಎಂದು ಮೆಟ್ಟಿಲೆಲ್ಲ ಅದುರುವ ಹಾಗೆ ನಕ್ಕರು.

ಆಮೇಲೆ ಅವಳು ನಿಲ್ಲಲಿಲ್ಲ. ಡಾಲಸ್‌ನಲ್ಲಿ ಒಂದು ಸಿನಿಮಾ, ಆಸ್ಟಿನ್‌ನಲ್ಲಿ ಒಂದು, ಎಲ್ಲದರಲ್ಲೂ ಕೆಟ್ಟವಳು. ಅಲ್ಲಿಂದ ಬಂದಾಗಲೆಲ್ಲ ಮೊದಲು ಬುಟ್ಟಿ ಹೊತ್ತು ಮೆಟ್ಟಿಲಿಳಿಯುತ್ತಿದ್ದಳು, ಮಂಡಿ ಬಗ್ಗುತ್ತಿತ್ತು. ಕೆಲವು ವರ್ಷ ಕಳೆದು ಕ್ಯಾಸೆಟ್ ಹೋಗಿ ಸಿಡಿ ಬಂದ ಕಾಲದಲ್ಲಿ ದಾರ್ ಎಸ್ ಸಲಾಮ್‌ನಿಂದಲೇ ಅವಳಿಗೆ ಕರೆ ಬಂತು. ಹೊರಡುವ ದಿನ ಆ ಕಂಗಾ ತಂದು ನನ್ನ ಕೈಯಲ್ಲಿಟ್ಟಳು. ದೊಡ್ಡಮ್ಮ ಕೊಟ್ಟು ಕಳಿಸಿದ್ದಂತೆ. ಅಂಜಲಿಯನ್ನು ಎತ್ತಲು ಹೋದಳು. ಅಂಜಲಿ ಎತ್ತಲಾರದಷ್ಟು ಬೆಳೆದಿದ್ದಳು. "ಇನ್ನೊಂದು ತುತ್ತು" ಎಂದು ಅವಳ ಕೆನ್ನೆ ಹಿಂಡಿ ಹೋದಳು. ಮತ್ತೆ ಭೇಟಿಯಾಗಿಲ್ಲ. ದೊಡ್ಡಮ್ಮನೂ ಆಮೇಲೆ ಊರಿಗೆ ಹೊರಟುಹೋದರು. ಆ ಕಂಗಾವನ್ನು ನಮ್ಮತ್ತೆ ಮುಂದಿನ ಸಲ ಬಂದಾಗ ಎಸಿಯ ಚಳಿಗೆ ಹೊದ್ದುಕೊಂಡರು, ತಮ್ಮದೇ ಎನ್ನುವ ಹಾಗೆ ಮಂಡ್ಯಕ್ಕೆ ತೆಗೆದುಕೊಂಡೂ ಹೋದರು.

ನಾವು ಈಗ ಡಾಲಸ್ ಬಳಿಯ ಲಿಟಲ್ ಎಲ್ಮ್‌ನಲ್ಲಿದ್ದೇವೆ. ಈಚೆಗೆ ಊರಿನಿಂದ ಬಂದು ಡಾಲಸ್ ಏರ್‌ಪೋರ್ಟಿನಲ್ಲಿ ಟ್ಯಾಕ್ಸಿ ಹತ್ತಿದೆ. ಟ್ಯಾಕ್ಸಿ ಓಡಿಸುವ ಹುಡುಗ ಫೋನಿನಲ್ಲಿ ಮಾತಾಡುತ್ತಿದ್ದ. ಪದಗಳೆಲ್ಲ ಬಾಯಿ ತೆರೆದೇ ಮುಗಿಯುತ್ತಿದ್ದವು. ಅವನ ಮಾತು ಮುಗಿಯುವವರೆಗೆ ಕಾದು, ನಮ್ಮ ಹುಡುಗಿಯ ಹೆಸರು ಹೇಳಿ ಗೊತ್ತೇ ಎಂದು ಕೇಳಿದೆ.

"ಅಯ್ಯೋ, ಆ ಹೆಂಗಸಾ!" ಎಂದ. "ನಮ್ಮಮ್ಮ ಟಿವಿಗೆ ಚಪ್ಪಲಿ ಎಸೆದಿದಾರೆ ಅವಳು ಬಂದಾಗ. ಆದರೆ ಅವಳ ಒಂದು ಸಿನಿಮಾನೂ ಬಿಡಲ್ಲ."

ನನಗೆ ನಗು ಬಂತು. ಅವನು ಕನ್ನಡಿಯಲ್ಲಿ ನನ್ನನ್ನು ನೋಡಿದ.

"ಮನುಷ್ಯಳು ಒಳ್ಳೆಯವಳಂತೆ. ಶೂಟಿಂಗ್ ಶುರುವಾಗೋ ಮುಂಚೆ, ಯಾರನ್ನ ಬೈಬೇಕೋ ಅವರ ಮುಂದೆ ಮಂಡಿಯೂರಿ ಶಿಕಮೋ ಹೇಳ್ತಾಳಂತೆ. ಅವರು ಮರಹಬಾ ಅನ್ನೋವರೆಗೂ ಕ್ಯಾಮೆರಾ ಮುಂದೆ ಹೋಗಲ್ಲವಂತೆ. ಈಗ ಹೊಸ ಹುಡುಗಿಯರೂ ಹಾಗೇ ಮಾಡ್ತಾರಂತೆ ಅಲ್ಲಿ. ಎಲ್ಲಿ ಕಲಿತಳೋ, ನಮ್ಮಲ್ಲಿ ಮೊದಲು ಆ ಪದ್ಧತಿ ಇರಲಿಲ್ಲ."

ಅಷ್ಟರಲ್ಲಿ ಮನೆ ಬಂತು. ಪೆಟ್ಟಿಗೆ ಇಳಿಸಿಕೊಟ್ಟ ಹುಡುಗ ಹೊರಡುವ ಮೊದಲು ಚೂರು ತಲೆ ಬಾಗಿಸಿ "ಶಿಕಮೋ" ಎಂದ. ಎಷ್ಟೋ ವರ್ಷಗಳ ಮೇಲೆ ಆ ಉತ್ತರ ನನ್ನ ಬಾಯಿಗೆ ತಡವರಿಸದೆ ಬಂತು.

ಒಳಗೆ ಹೋದವಳು ದೀಪ ಹಚ್ಚಿ, ಮಂಡ್ಯಕ್ಕೆ ಫೋನು ಹಚ್ಚಿದೆ. ಅತ್ತೆಗೆ ಈಗ ಕಿವಿ ಮಂದ. ಎಲ್ಲವನ್ನೂ ಜೋರಾಗಿ ಎರಡೆರಡು ಸಲ ಹೇಳಬೇಕಾಯಿತು.

"ಕಾಲು ಹಿಡ್ಕೊಂತಾಳೆ ಸರಿ" ಎಂದರು. "ಈಗ್ಲೂ ಚೆಂದಾಗ್ ಬೈತಾಳಾ?"

"ಊರೆಲ್ಲ ಶಾಪ ಹಾಕೋ ಹಾಗೆ ಬೈತಾಳಂತೆ ಅತ್ತೆಮ್ಮ."

"ಹಂಗಾದ್ರೆ ನಾ ಹೇಳ್ಕೊಟ್ಟಿದ್ದು ದಂಡ ಆಗ್ಲಿಲ್ಲ ಬುಡು" ಎಂದು ಫೋನಿಟ್ಟರು.